ಮೊದಲು ಮಂಚ, ಆಮೇಲೆ ಕೆಲಸ: ಶಾಮೊನಿಯ ಚಳಿಗಾಲದ ನೌಕರಿ

ಏಳನೇ ಸೆಮಿಸ್ಟರ್‌ನ ಹುಡುಗನೊಬ್ಬ ಸೆಪ್ಟೆಂಬರ್‌ನಲ್ಲಿ ನಮಗೊಂದು ಪೋಸ್ಟರ್ ಕಳಿಸಿದ. ಹಿಮದ ಬೆಟ್ಟ, ಕೆಂಪು ಜಾಕೆಟ್ ತೊಟ್ಟ ಹುಡುಗಿ, ಕೆಳಗೆ ದಪ್ಪ ಅಕ್ಷರದಲ್ಲಿ: ‘ಫ್ರಾನ್ಸ್ ಸ್ಕೀ ರೆಸಾರ್ಟ್‌ನಲ್ಲಿ ಕೆಲಸ. ತಿಂಗಳಿಗೆ 3 ಲಕ್ಷ. ಊಟ, ವಸತಿ ಉಚಿತ. ಭಾಷೆ ಬೇಕಿಲ್ಲ. ವಿಸಿಟ್ ವೀಸಾದಲ್ಲಿ ಹೋಗಿ, ಅಲ್ಲೇ ವರ್ಕ್ ಪರ್ಮಿಟ್.’ ಒಟ್ಟು ಫೀ 3.5 ಲಕ್ಷ, ಮುಂಗಡ 40,000. ಜೊತೆಗೆ ಅವನದೊಂದು ಸಾಲು: ‘ಅಣ್ಣ, ನೀವು ಅಲ್ಲಿ ಕೆಲಸ ಮಾಡಿದ್ದೀರಲ್ಲ, ಇದು ನಿಜಾನಾ?’

ಫೋನಿನಲ್ಲಿ ಐದು ನಿಮಿಷಕ್ಕೆ ಮುಗಿಸಬಹುದಿತ್ತು. ಆದರೆ ಇದೇ ಪ್ರಶ್ನೆ ಹೋದ ವರ್ಷವೂ ಬಂದಿತ್ತು, ಮುಂದಿನ ವರ್ಷವೂ ಬರುತ್ತದೆ. ಅದಕ್ಕೇ ಬರೆದಿಡೋಣ ಅನ್ನಿಸಿತು. ನಾವಿಬ್ಬರೂ ಈ ಕಾಲೇಜಿನಿಂದ ಫ್ರಾನ್ಸ್‌ನ ಗ್ರೆನೋಬ್ಲ್‌ಗೆ ಮಾಸ್ಟರ್ಸ್ ಓದಲು ಹೋದವರು. ಎರಡು ಚಳಿಗಾಲ, ರಜೆ ಸಿಕ್ಕಾಗಲೆಲ್ಲ ಶಾಮೊನಿಗೆ ಹೋಗಿ ಪಾತ್ರೆ ತೊಳೆದು, ಬೆಡ್‌ಶೀಟ್ ಬದಲಿಸಿ ಒಂದಿಷ್ಟು ಸಂಪಾದಿಸಿದವರು. ಮೊದಲ ಚಳಿಗಾಲದಲ್ಲಿ ಮೋಸವನ್ನೂ ಹೋದವರು.

ಮೊದಲು ಊರು ಎಂಥದು ಅಂತ ಹೇಳಿಬಿಡುತ್ತೇವೆ. ಶಾಮೊನಿ ಇರುವುದು ಮೌಂಟ್ ಬ್ಲಾಂಕ್‌ನ ಬುಡದಲ್ಲಿ, ಸಮುದ್ರಮಟ್ಟದಿಂದ 1,035 ಮೀಟರ್ ಎತ್ತರದಲ್ಲಿ. ವರ್ಷಪೂರ್ತಿ ಅಲ್ಲೇ ಇರುವವರು ಒಂಬತ್ತು ಸಾವಿರದ ಆಸುಪಾಸು. 1924ರಲ್ಲಿ ಮೊದಲ ಚಳಿಗಾಲದ ಒಲಿಂಪಿಕ್ಸ್ ನಡೆದದ್ದು ಇಲ್ಲೇ. 1955ರಿಂದ ಓಡುತ್ತಿರುವ ರೋಪ್‌ವೇ ಹತ್ತಿದರೆ 3,842 ಮೀಟರ್ ಎತ್ತರದ ಎಗ್ವಿ ದ್ಯು ಮಿದಿ ಶಿಖರದ ತಾರಸಿಗೆ ಹೋಗಿ ನಿಲ್ಲಬಹುದು. ನಮ್ಮವರಿಗೆ ಈ ಊರಿನ ನಂಟು ಬೇರೆಯದು. 1966ರ ಜನವರಿ 24ರಂದು ಹೋಮಿ ಭಾಭಾ ಇದ್ದ ಏರ್ ಇಂಡಿಯಾದ ‘ಕಾಂಚನಜುಂಗಾ’ ವಿಮಾನ ಇದೇ ಬೆಟ್ಟಕ್ಕೆ ಬಡಿದು 117 ಜನ ಸತ್ತರು. ಊರಿನ ಪಕ್ಕಕ್ಕೇ ಇಳಿದು ಬರುವ ಬೊಸ್ಸೋ ಹಿಮನದಿ ಅದರ ಚೂರುಗಳನ್ನು ಇವತ್ತಿಗೂ ಹೊರಹಾಕುತ್ತಿದೆ. 2020ರಲ್ಲಿ ಅಲ್ಲಿನ ಒಂದು ರೆಸ್ಟೋರೆಂಟಿನ ಮಾಲೀಕನಿಗೆ ಇಂದಿರಾ ಗಾಂಧಿ ಗೆದ್ದ ಸುದ್ದಿಯಿದ್ದ ಭಾರತದ ಪತ್ರಿಕೆಗಳ ಕಟ್ಟೇ ಮಂಜಿನಲ್ಲಿ ಸಿಕ್ಕಿತ್ತು. ನಾವು ಭಾರತದವರು ಅಂತ ಗೊತ್ತಾದ ದಿನ ಅಡುಗೆಮನೆಯ ಶೆಫ್ ಮೊದಲು ಹೇಳಿದ್ದು ‘ನಿಮ್ಮ ವಿಮಾನ ಇನ್ನೂ ಮೇಲೇ ಇದೆ’ ಅಂತ. ಏನು ಉತ್ತರ ಕೊಡಬೇಕೋ ತಿಳಿಯಲಿಲ್ಲ.

ಡಿಸೆಂಬರ್ ಮಧ್ಯದಿಂದ ಏಪ್ರಿಲ್ ಕೊನೆಯವರೆಗೆ ಸ್ಕೀ ಸೀಸನ್. ಆಗ ಊರಿನ ಜನಸಂಖ್ಯೆ ಹಲವು ಪಟ್ಟು ಆಗುತ್ತದೆ. ಬಂದವರಿಗೆ ಅಡುಗೆ ಆಗಬೇಕು, ಕೋಣೆ ಶುಚಿಯಾಗಬೇಕು, ಸ್ಕೀ ಬಾಡಿಗೆಗೆ ಕೊಡಬೇಕು, ಲಿಫ್ಟ್ ಓಡಿಸಬೇಕು. ಇದಕ್ಕೆಲ್ಲ ಹೊರಗಿನಿಂದ ಬರುವ ಹಂಗಾಮಿ ನೌಕರರಿಗೆ ಅಲ್ಲಿ ‘ಸೆಸೊನಿಯೆ’ ಎನ್ನುತ್ತಾರೆ. ಮೊದಲು ಇಂಗ್ಲೆಂಡಿನ ಹುಡುಗ ಹುಡುಗಿಯರು ಗುಂಪುಗುಂಪಾಗಿ ಬರುತ್ತಿದ್ದರು. 2021ರ ಜನವರಿಯಿಂದ ಬ್ರೆಕ್ಸಿಟ್ ಕಾರಣಕ್ಕೆ ಅವರಿಗೂ ವೀಸಾ ಬೇಕಾಯಿತು. ಇನ್ನೊಂದು ಕಡೆ ಜಿನೀವಾ ಹತ್ತಿರ. ಗಡಿ ದಾಟಿ ಸ್ವಿಸ್ ಸಂಬಳಕ್ಕೆ ದುಡಿಯಬಲ್ಲವರು ಈ ಕಣಿವೆಯಲ್ಲಿ ಪಾತ್ರೆ ತೊಳೆಯಲು ನಿಲ್ಲುವುದಿಲ್ಲ. ಹಾಗಾಗಿ ಕೆಲಸಕ್ಕೆ ಜನ ಬೇಕು ಅನ್ನುವ ಬೋರ್ಡು ಬೀದಿಬೀದಿಯಲ್ಲೂ ಇರುತ್ತದೆ. ಪೋಸ್ಟರ್‌ನ ಅಷ್ಟು ಭಾಗ ನಿಜವೇ.

ಸುಳ್ಳು ಶುರುವಾಗುವುದು ಸಂಬಳದಿಂದ. ಫ್ರಾನ್ಸ್‌ನಲ್ಲಿ ಕಾನೂನಿನ ಕನಿಷ್ಠ ಕೂಲಿ 2025ರಲ್ಲಿ ಗಂಟೆಗೆ 11.88 ಯೂರೋ ಇತ್ತು. ವಾರಕ್ಕೆ 35 ಗಂಟೆಯಂತೆ ತಿಂಗಳಿಗೆ ಸುಮಾರು 1,802 ಯೂರೋ. ಕಡಿತಗಳೆಲ್ಲ ಹೋಗಿ ಕೈಗೆ ಬರುವುದು 1,426ರ ಹತ್ತಿರ. ಯೂರೋಗೆ ನೂರು ರೂಪಾಯಿ ಅಂತ ಲೆಕ್ಕ ಹಾಕಿದರೂ 1.4 ಲಕ್ಷ. ಹೋಟೆಲ್‌ಗಳಲ್ಲಿ ಸಾಮಾನ್ಯವಾಗಿ 39 ಗಂಟೆ ಇರುವುದರಿಂದ ಇನ್ನೊಂದಿಷ್ಟು ಸೇರುತ್ತದೆ. ಹೊಸಬರಿಗೆ ಸಿಗುವುದು ಈ ಕನಿಷ್ಠದ ಆಸುಪಾಸಿನಲ್ಲೇ. ಮೂರು ಲಕ್ಷ ಅನ್ನುವುದು ಅಡುಗೆಮನೆ ಸಿಂಕಿನ ಮುಂದೆ ನಿಂತವನಿಗೆ ಯಾರೂ ಕೊಡುವ ಸಂಬಳ ಅಲ್ಲ.

ಆಮೇಲೆ ವಸತಿ. ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕಂದರೆ ಆ ಊರಿನಲ್ಲಿ ಕೆಲಸ ಹುಡುಕುವುದು ಅಂದರೆ ಅರ್ಧಕ್ಕರ್ಧ ಮಲಗಲು ಜಾಗ ಹುಡುಕುವುದೇ. ಶಾಮೊನಿಯ ಮನೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬೇರೆ ಊರಿನವರ ಎರಡನೇ ಮನೆಗಳು. ವರ್ಷದಲ್ಲಿ ಕೆಲವೇ ವಾರ ದೀಪ ಹತ್ತುತ್ತದೆ, ಉಳಿದಂತೆ ಬೀಗ. ಇನ್ನು ಕೆಲವು ಮನೆಗಳು ವಾರದ ಲೆಕ್ಕದಲ್ಲಿ ಪ್ರವಾಸಿಗರಿಗೆ ಹೋಗುತ್ತವೆ. ಪ್ರವಾಸಿಯೊಬ್ಬ ಒಂದು ವಾರಕ್ಕೆ ಕೊಡುವ ದುಡ್ಡು ನೌಕರನೊಬ್ಬನಿಂದ ತಿಂಗಳಿಗೂ ಹುಟ್ಟುವುದಿಲ್ಲ ಅಂದಮೇಲೆ ಮನೆಯವನು ಯಾರಿಗೆ ಕೊಟ್ಟಾನು? ಸರ್ಕಾರಕ್ಕೂ ಇದು ಗೊತ್ತು. 2016ರ ಪರ್ವತ ಪ್ರದೇಶ ಕಾಯ್ದೆ ಪ್ರವಾಸಿ ಊರುಗಳ ಆಡಳಿತ ಹಂಗಾಮಿ ನೌಕರರ ವಸತಿ ಬಗ್ಗೆ ಸರ್ಕಾರದ ಜೊತೆ ಒಪ್ಪಂದ ಮಾಡಿಕೊಳ್ಳಲೇಬೇಕು ಎಂದಿತು. 2024ರ ನವೆಂಬರ್‌ನಲ್ಲಿ ಬಂದ ಇನ್ನೊಂದು ಕಾಯ್ದೆ, ಹೊಸದಾಗಿ ಕಟ್ಟುವ ಮನೆಗಳು ಕಾಯಂ ವಾಸಕ್ಕೇ ಆಗಬೇಕು ಅಂತ ನಿಯಮ ಮಾಡುವ ಅಧಿಕಾರವನ್ನು ಊರುಗಳಿಗೆ ಕೊಟ್ಟಿತು. ಶಾಮೊನಿ ಅದನ್ನು ಬಳಸಿಕೊಂಡಿದೆ. ಆದರೆ ಈಗಾಗಲೇ ಬೀಗ ಹಾಕಿಕೊಂಡು ನಿಂತ ಮನೆಗಳನ್ನು ಅದು ತೆರೆಸುವುದಿಲ್ಲ.

ಹಾಗಾಗಿ ನೌಕರರು ಏನು ಮಾಡುತ್ತಾರೆ? ಕೆಲವರು ಕಣಿವೆ ಇಳಿದು ಸಲಾಂಶ್ ಕಡೆ ಬಾಡಿಗೆ ಹಿಡಿದು ಓಡಾಡುತ್ತಾರೆ. ಹಲವರು ವ್ಯಾನ್‌ನಲ್ಲೇ ಇರುತ್ತಾರೆ. ಹಿಂದಿನ ಸೀಟು ಕಿತ್ತು ಹಲಗೆ ಹಾಸಿ, ಚಿಕ್ಕ ಹೀಟರ್ ಇಟ್ಟುಕೊಂಡು, ಮೈನಸ್ ಹತ್ತರ ರಾತ್ರಿಗಳನ್ನು ಪಾರ್ಕಿಂಗ್ ಜಾಗದಲ್ಲಿ ಕಳೆಯುತ್ತಾರೆ. ಇನ್ಸ್ಟಾದಲ್ಲಿ ಚೆಂದ ಕಾಣುತ್ತದೆ. ಬೆಳಗ್ಗೆ ಆರಕ್ಕೆ ಒದ್ದೆ ಸಾಕ್ಸ್ ಕಲ್ಲಾಗಿರುವುದು ಅದರಲ್ಲಿ ಕಾಣುವುದಿಲ್ಲ. ನಮ್ಮ ಹಾಗೆ ವ್ಯಾನೂ ಇಲ್ಲ, ಬಾಡಿಗೆಗೆ ದುಡ್ಡೂ ಇಲ್ಲ ಅನ್ನುವವರಿಗೆ ಉಳಿಯುವುದು ಮಾಲೀಕನೇ ಕೊಡುವ ಕೋಣೆ. ಕಾಫಿ ತೋಟದ ಲೈನ್ ಮನೆ ಕಂಡವರಿಗೆ ಇದರ ಲಾಭ, ಅಪಾಯ ಎರಡೂ ಬಿಡಿಸಿ ಹೇಳಬೇಕಿಲ್ಲ: ಕೆಲಸ ಹೋದ ದಿನವೇ ಸೂರೂ ಹೋಗುತ್ತದೆ. ಇದು ‘ಉಚಿತ’ವೂ ಅಲ್ಲ. ಸಾಮಾನ್ಯವಾಗಿ ಕೋಣೆಗೆ ಇಷ್ಟು ಅಂತ ಪೇ ಸ್ಲಿಪ್‌ನಲ್ಲೇ ಹಿಡಿಯುತ್ತಾರೆ. ಊಟದ ವಿಷಯ ಪರವಾಗಿಲ್ಲ. ಹೋಟೆಲ್, ರೆಸ್ಟೋರೆಂಟ್‌ಗಳಲ್ಲಿ ಊಟದ ಹೊತ್ತಿಗೆ ಡ್ಯೂಟಿಯಲ್ಲಿದ್ದರೆ ಊಟ ಕೊಡಬೇಕು, ಇಲ್ಲವೇ ಬದಲಿಗೆ ಹಣ ಕೊಡಬೇಕು.

ಕೋಣೆ ಅಂದರೆ ಏನು ಅಂತ ಒಪ್ಪಿಕೊಳ್ಳುವ ಮೊದಲೇ ಕೇಳಿ. ಎಷ್ಟು ಜನ, ಕಿಟಕಿ ಇದೆಯಾ, ಹೀಟರ್ ಇದೆಯಾ, ಕೀಲಿ ನಮ್ಮ ಕೈಲಿರುತ್ತಾ? ಬಾಡಿಗೆ ಮನೆಗಾದರೆ ಕನಿಷ್ಠ 9 ಚದರ ಮೀಟರಿನ ಒಂದು ಕೋಣೆ, 2.20 ಮೀಟರ್ ಎತ್ತರದ ಸೂರು ಇರಬೇಕು ಅಂತ ಅಲ್ಲಿನ ನಿಯಮ ಇದೆ. ನಾವು ಇದನ್ನು ಕಲಿತದ್ದು ತಡವಾಗಿ.

ಮೊದಲ ಚಳಿಗಾಲದ ಕಥೆ ಹೀಗೆ. ಕ್ರಿಸ್‌ಮಸ್ ರಜೆಗೆ 16 ದಿನದ ಕೆಲಸ, ಫೋನಿನಲ್ಲೇ ಮಾತಾಯಿತು. ‘ಕಾಗದ ಬಂದಮೇಲೆ ಮಾಡೋಣ, ರೂಮು ಇದೆ’ ಅಂದರು. ರೈಲು ಬದಲಿಸಿ ಬದಲಿಸಿ ಹೋಗಿ ನೋಡಿದರೆ ರೂಮು ಅಂದದ್ದು ನೆಲಮಾಳಿಗೆಯ ಉಗ್ರಾಣ. ಎರಡು ಅಟ್ಟಣಿಗೆ ಮಂಚ, ಪಕ್ಕದಲ್ಲಿ ಆಲೂಗಡ್ಡೆ ಚೀಲ, ನಾವಿಬ್ಬರು, ಇನ್ನಿಬ್ಬರು. ಆರು ದಿನ, ದಿನಕ್ಕೆ ಒಂಬತ್ತು ಗಂಟೆಗೆ ಕಮ್ಮಿಯಿಲ್ಲದೆ ದುಡಿದೆವು. ಏಳನೇ ದಿನ ಬೆಳಗ್ಗೆ, ಹಿಮ ಸಾಲದು, ಬುಕಿಂಗ್ ರದ್ದಾಗುತ್ತಿವೆ, ನಿಮ್ಮ ಅಗತ್ಯ ಇಲ್ಲ ಅಂತ ತಲಾ 250 ಯೂರೋ ಕವರಿನಲ್ಲಿಟ್ಟು ಕೊಟ್ಟರು. ಕನಿಷ್ಠ ಕೂಲಿಯ ಲೆಕ್ಕದಲ್ಲೂ ಅದು ಬರಬೇಕಿದ್ದುದರ ಸುಮಾರು ಅರ್ಧ. ಸಂಜೆಯೊಳಗೆ ಮಂಚ ಖಾಲಿ ಮಾಡಬೇಕಿತ್ತು. ಕ್ರಿಸ್‌ಮಸ್ ವಾರ, ಊರಲ್ಲಿ ಇನ್ನೊಂದು ಮಂಚ ನಮ್ಮ ಕೈಗೆಟುಕುವ ದರಕ್ಕೆ ಇಲ್ಲ. ಆ ರಾತ್ರಿ ಲೆ ಫಾಯೆ ಸ್ಟೇಷನ್ನಿನಲ್ಲಿ ಬೆಳಗಿನ ರೈಲಿಗೆ ಕಾಯುತ್ತಾ, ದುಡ್ಡಿಗಿಂತ ಹೆಚ್ಚಾಗಿ ನಾವು ಹೆದರಿದ್ದು ಬೇರೆ ವಿಷಯಕ್ಕೆ: ಹೀಗೆ ಲೆಕ್ಕಕ್ಕಿಲ್ಲದೆ ದುಡಿದದ್ದು ಗೊತ್ತಾದರೆ ರೆಸಿಡೆನ್ಸ್ ಪರ್ಮಿಟ್ ನವೀಕರಣಕ್ಕೆ ಏನಾಗುತ್ತದೋ?

ಕಾನೂನು ಓದಿದ್ದರೆ ಅಷ್ಟು ಸುಲಭಕ್ಕೆ ಹೊರಬರುತ್ತಿರಲಿಲ್ಲ. ಫ್ರಾನ್ಸ್‌ನಲ್ಲಿ ನಿಗದಿತ ಅವಧಿಯ ಕೆಲಸಕ್ಕೆ ಲಿಖಿತ ಕರಾರು ಇರಲೇಬೇಕು. ಕೆಲಸಕ್ಕೆ ಸೇರಿದ ಎರಡು ಕೆಲಸದ ದಿನಗಳೊಳಗೆ ಅದು ನೌಕರನ ಕೈಗೆ ಬರಬೇಕು. ಸೇರಿಸಿಕೊಳ್ಳುವ ಮೊದಲೇ ಮಾಲೀಕ ಸಾಮಾಜಿಕ ಭದ್ರತೆಯ ಕಚೇರಿಗೆ ಹೆಸರು ತಿಳಿಸಬೇಕು. ಪ್ರಾಯೋಗಿಕ ಅವಧಿ, ಆರು ತಿಂಗಳೊಳಗಿನ ಕರಾರಿಗೆ, ವಾರಕ್ಕೆ ಒಂದು ದಿನದ ಲೆಕ್ಕ, ಹೆಚ್ಚೆಂದರೆ ಎರಡು ವಾರ. ಅಂದರೆ ನಮ್ಮ 16 ದಿನಕ್ಕೆ ಎರಡು ದಿನ. ಅದು ಮುಗಿದಮೇಲೆ ಗಂಭೀರ ತಪ್ಪು, ಎರಡೂ ಕಡೆಯ ಒಪ್ಪಿಗೆ, ಇಂಥ ಕೆಲವೇ ಕಾರಣಗಳಿಲ್ಲದೆ ಮಧ್ಯದಲ್ಲಿ ತೆಗೆಯುವಂತಿಲ್ಲ. ತೆಗೆದರೆ ಉಳಿದ ದಿನಗಳ ಸಂಬಳಕ್ಕೆ ಕಡಿಮೆಯಿಲ್ಲದ ಪರಿಹಾರ ಕೊಡಬೇಕು. ಈ ಕಟ್ಟು ನೌಕರನಿಗೂ ಇದೆ, ಬೇಜಾರಾಯಿತು ಅಂತ ನಡುವೆ ಬಿಟ್ಟು ಬರುವ ಹಾಗಿಲ್ಲ. ಕರಾರಿನಲ್ಲಿ ಕೊನೆಯ ದಿನಾಂಕ ಬರೆಯದೆ ‘ಸೀಸನ್ ಮುಗಿಯುವವರೆಗೆ’ ಅಂತಿದ್ದರೆ ಕನಿಷ್ಠ ಅವಧಿ ಎಷ್ಟು ಅನ್ನುವುದು ಬರೆದಿರಲೇಬೇಕು. ಹಿಮ ಬೀಳಲಿ ಬಿಡಲಿ, ಆ ಅವಧಿ ನಿಮ್ಮದು.

ಕಾಗದ ಅಂದರೆ ಎಷ್ಟು ಅನ್ನುವುದಕ್ಕೆ ಕೋವಿಡ್ ವರ್ಷಗಳೇ ಸಾಕ್ಷಿ. 2020ರ ಮಾರ್ಚ್ ಮಧ್ಯದಲ್ಲಿ ಫ್ರಾನ್ಸ್‌ನ ಸ್ಕೀ ಊರುಗಳು ಏಕಾಏಕಿ ಮುಚ್ಚಿದವು; 2020–21ರ ಚಳಿಗಾಲದಲ್ಲಂತೂ ಸಾರ್ವಜನಿಕರಿಗೆ ಲಿಫ್ಟ್‌ಗಳು ತೆರೆಯಲೇ ಇಲ್ಲ. ಕರಾರು ಕೈಯಲ್ಲಿದ್ದ ನೌಕರರಿಗೆ ಸರ್ಕಾರದ ಭಾಗಶಃ ನಿರುದ್ಯೋಗ ಯೋಜನೆಯ ಮೂಲಕ ಸಂಬಳದ ಒಂದು ಪಾಲಾದರೂ ಸಿಗುವ ದಾರಿ ಇತ್ತು. ಬಾಯಿಮಾತಿನವರು ಯಾರ ಲೆಕ್ಕದಲ್ಲೂ ಇರಲಿಲ್ಲ.

ಈಗ ವೀಸಾ. ವಿಸಿಟ್ ವೀಸಾದ ಮೇಲೆ ಸಂಬಳದ ಕೆಲಸ ಮಾಡುವಂತಿಲ್ಲ. ಅಲ್ಲೇ ಕೂತು ಅದನ್ನು ಸೀಸನ್ ಪರ್ಮಿಟ್ ಮಾಡಿಸಿಕೊಳ್ಳುವ ದಾರಿಯೂ ಇಲ್ಲ. ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಕೆನಡಾದ ಯುವಕರಿಗೆ ವರ್ಕಿಂಗ್ ಹಾಲಿಡೇ ವೀಸಾ ಇದೆ, ಭಾರತೀಯರಿಗೆ ಅದಿಲ್ಲ. ಊರಿನಿಂದ ನೇರವಾಗಿ ಹೋಗಲು ಇರುವ ದಾರಿ ‘ಸೀಸನಲ್ ವರ್ಕರ್’ ಪರ್ಮಿಟ್. ಮೊದಲು ಮಾಲೀಕ ಅಲ್ಲಿ ಅರ್ಜಿ ಹಾಕಬೇಕು. ಸಾಮಾನ್ಯವಾಗಿ ಸರ್ಕಾರಿ ಉದ್ಯೋಗ ಕಚೇರಿಯಲ್ಲಿ ಮೂರು ವಾರ ಜಾಹೀರಾತು ಕೊಟ್ಟು ಸ್ಥಳೀಯರು ಸಿಗಲಿಲ್ಲ ಅಂತ ತೋರಿಸಬೇಕು. ಅನುಮತಿ ಬಂದಮೇಲೆ ನಾವು ಇಲ್ಲಿಂದ ವೀಸಾ ಪಡೆಯಬೇಕು. ಹನ್ನೆರಡು ತಿಂಗಳಲ್ಲಿ ಆರು ತಿಂಗಳಷ್ಟೇ ದುಡಿಯಬಹುದು. ಕಾಯಂ ವಾಸ ಫ್ರಾನ್ಸ್‌ನ ಹೊರಗೇ ಅಂತ ಒಪ್ಪಿಕೊಳ್ಳಬೇಕು. ಈ ಪರ್ಮಿಟ್ ಬಹುಪಾಲು ಹೋಗುವುದು ಹಣ್ಣು, ತರಕಾರಿ ಕೊಯ್ಲಿಗೆ ಬರುವ ಮೊರಾಕೊದವರಿಗೆ. ಅನುಭವವಿಲ್ಲದ ಎಂಜಿನಿಯರಿಂಗ್ ಹುಡುಗನಿಗಾಗಿ ಒಬ್ಬ ಹೋಟೆಲ್‌ನವನು ಇಷ್ಟೆಲ್ಲ ತಲೆನೋವು ತೆಗೆದುಕೊಳ್ಳುತ್ತಾನಾ? ಅಪರೂಪ. ಪಕ್ಕದ ಸ್ವಿಟ್ಜರ್ಲೆಂಡ್ ಇನ್ನೂ ಬಿಗಿ. ಯುರೋಪಿನ ಹೊರಗಿನವರಲ್ಲಿ ಮೂಲತಃ ಪರಿಣತರಿಗಷ್ಟೇ ಬಾಗಿಲು. ಆಸ್ಟ್ರಿಯಾದಲ್ಲಿ ಪ್ರವಾಸೋದ್ಯಮಕ್ಕೆ ಅಂತ ಪ್ರತಿ ವರ್ಷ ಕೋಟಾ ಇಡುತ್ತಾರೆ, ಅಲ್ಲೂ ಅರ್ಜಿ ಮಾಲೀಕನಿಂದಲೇ ಹೋಗಬೇಕು.

ನಮ್ಮಂಥವರಿಗೆ ತೆರೆದಿರುವ ಬಾಗಿಲು ಓದುವ ಬಾಗಿಲೇ. ಫ್ರಾನ್ಸ್‌ನ ವಿದ್ಯಾರ್ಥಿ ವೀಸಾ ಇದ್ದರೆ ವರ್ಷಕ್ಕೆ 964 ಗಂಟೆ ದುಡಿಯಬಹುದು, ಬೇರೆ ಪರ್ಮಿಟ್ ಬೇಡ. ಆದರೆ ವೀಸಾವನ್ನು ಬಂದ ಮೂರು ತಿಂಗಳೊಳಗೆ ಆನ್‌ಲೈನ್‌ನಲ್ಲಿ ಊರ್ಜಿತ ಮಾಡಿಕೊಂಡಿರಬೇಕು. ಇನ್ನೊಂದು: ಯುರೋಪಿನ ಹೊರಗಿನ ವಿದ್ಯಾರ್ಥಿಯನ್ನು ಸೇರಿಸಿಕೊಳ್ಳುವ ಮಾಲೀಕ ಕನಿಷ್ಠ ಎರಡು ಕೆಲಸದ ದಿನ ಮೊದಲು ಪ್ರಿಫೆಕ್ಚರ್‌ಗೆ ತಿಳಿಸಬೇಕು. ಸಣ್ಣ ರೆಸ್ಟೋರೆಂಟಿನವರಲ್ಲಿ ಎಷ್ಟೋ ಜನಕ್ಕೆ ಇದು ಗೊತ್ತೇ ಇರುವುದಿಲ್ಲ. ಎರಡನೇ ವರ್ಷ ಆ ನಿಯಮದ ಪುಟವನ್ನೇ ಪ್ರಿಂಟ್ ಮಾಡಿ ಸಿವಿ ಜೊತೆ ಇಟ್ಟುಕೊಂಡು ಹೋದೆವು. ಒಬ್ಬರು ಅದನ್ನು ನೋಡಿ ‘ಇಷ್ಟೇನಾ?’ ಅಂತ ಅಲ್ಲೇ ಕೂತು ಇಮೇಲ್ ಕಳಿಸಿದರು. ಆ ಚಳಿಗಾಲದ ಕೆಲಸ ಸಿಕ್ಕಿದ್ದು ಹಾಗೆ. ಈ ಸಲ ಮಂಚದ ಪಕ್ಕ ಕಿಟಕಿಯೂ ಇತ್ತು.

ಕೆಲಸ ಕೇಳಲು ಹೋಗುವ ರೀತಿಯೂ ಇದೆ. ಪೂರ್ತಿ ಸೀಸನ್‌ಗೆ ಬರುವವರನ್ನು ಸೆಪ್ಟೆಂಬರ್‌ನಿಂದ ನವೆಂಬರ್ ಒಳಗೆ ಆರಿಸಿಬಿಟ್ಟಿರುತ್ತಾರೆ. ವಿದ್ಯಾರ್ಥಿಗಳಿಗೆ ಅನುಕೂಲ ಆಗುವುದು ಆಮೇಲಿನ ಬಿರುಕುಗಳು. ಹೊಸ ವರ್ಷದ ಗಲಾಟೆಗೆ ಸುಸ್ತಾಗಿ ಜನವರಿಯಲ್ಲಿ ಕೆಲವರು ಹೊರಟುಹೋಗುತ್ತಾರೆ. ಫೆಬ್ರುವರಿಯಲ್ಲಿ ಶಾಲೆಗಳ ಚಳಿಗಾಲದ ರಜೆ. ಎಲ್ಲರೂ ಒಟ್ಟಿಗೆ ಬೆಟ್ಟಕ್ಕೆ ನುಗ್ಗಬಾರದು ಅಂತ ದೇಶವನ್ನು ಮೂರು ವಲಯ ಮಾಡಿ ಸರದಿಯಲ್ಲಿ ರಜೆ ಕೊಡುತ್ತಾರೆ. ಹಾಗಾಗಿ ಸುಮಾರು ನಾಲ್ಕು ವಾರ ಊರು ಒಂದೇ ಸಮ ತುಂಬಿರುತ್ತದೆ, ಆಗ ಎರಡು ಕೈ ಎಲ್ಲಿದ್ದರೂ ಬೇಕು. ಶನಿವಾರ ಇನ್ನೊಂದು ಅವಕಾಶ. ಬಾಡಿಗೆ ಮನೆಗಳೆಲ್ಲ ಶನಿವಾರದಿಂದ ಶನಿವಾರದ ಲೆಕ್ಕ. ಬೆಳಗ್ಗೆ ಹತ್ತಕ್ಕೆ ಹಳಬರು ಹೊರಗೆ, ಸಂಜೆ ನಾಲ್ಕೈದಕ್ಕೆ ಹೊಸಬರು ಒಳಗೆ. ನಡುವಿನ ಆರು ಗಂಟೆಯಲ್ಲಿ ಇಡೀ ಕಣಿವೆ ಗುಡಿಸಿ ಒರೆಸಿ ಸಿದ್ಧವಾಗಬೇಕು. ಶುಕ್ರವಾರ ರಾತ್ರಿ ಬಂದು ಭಾನುವಾರ ಹೋಗುವ ವಿದ್ಯಾರ್ಥಿಗೆ ಇದು ಹೇಳಿ ಮಾಡಿಸಿದ ಕೆಲಸ.

ರೆಸ್ಟೋರೆಂಟಿಗೆ ಮಧ್ಯಾಹ್ನ ಹನ್ನೆರಡಕ್ಕೋ ರಾತ್ರಿ ಎಂಟಕ್ಕೋ ಸಿವಿ ಹಿಡಿದು ಹೋದರೆ ಮುಖ ಕೂಡ ನೋಡುವುದಿಲ್ಲ. ಮೂರರಿಂದ ಐದರ ನಡುವೆ ಹೋಗಿ. ಬಾಗಿಲು ದಾಟಿದ ಕೂಡಲೇ ‘ಬೋಂಜೂರ್’ ಅನ್ನಿ. ಅದಿಲ್ಲದೆ ನೇರ ವಿಷಯಕ್ಕೆ ಬಂದರೆ ಅಲ್ಲಿಗೆ ಮುಗಿಯಿತು. ಭಾಷೆ ಬೇಕಿಲ್ಲ ಅನ್ನುವುದು ಪೋಸ್ಟರ್‌ನ ಮತ್ತೊಂದು ಸುಳ್ಳು. ಅಡುಗೆಮನೆಯಲ್ಲಿ ಕುದಿಯುವ ಪಾತ್ರೆ ಹಿಡಿದು ಬರುವವರು ‘ಶೋ!’ ಅಂತ ಕೂಗುತ್ತಾರೆ, ಬಿಸಿ ಅಂತ. ಬೆನ್ನ ಹಿಂದೆ ಹಾದುಹೋಗುವವರು ‘ದೆರಿಯೆರ್!’ ಅನ್ನುತ್ತಾರೆ. ಇವೆರಡು ತಿಳಿಯದೆ ನಮ್ಮಲ್ಲೊಬ್ಬರ ಮುಂಗೈ ಸುಟ್ಟಿತು. ಪಾತ್ರೆ ತೊಳೆಯುವವನಿಗೆ ಅಲ್ಲಿ ‘ಪ್ಲೊಂಜರ್’ ಅನ್ನುತ್ತಾರೆ. ಮುಳುಗುವವನು ಅಂತ ಪದದ ಅರ್ಥ; ಜಾಹೀರಾತು ನೋಡಿ ಈಜುಕೊಳದ ಕೆಲಸ ಅಂದುಕೊಂಡಿದ್ದೆವು. ‘ಕುಪ್ಯೂರ್’ ಅಂದರೆ ದಿನದ ಡ್ಯೂಟಿಯನ್ನು ಎರಡು ತುಂಡು ಮಾಡುವುದು, ಮಧ್ಯಾಹ್ನದ ಊಟಕ್ಕೆ ಒಮ್ಮೆ, ರಾತ್ರಿ ಊಟಕ್ಕೆ ಒಮ್ಮೆ. ನಡುವಿನ ಬಿಡುವಿನಲ್ಲಿ ಸ್ಕೀ ಗೊತ್ತಿದ್ದವರು ಬೆಟ್ಟಕ್ಕೆ ಓಡುತ್ತಾರೆ. ನಾವು ಮಲಗುತ್ತಿದ್ದೆವು.

ಮೆಕ್ಯಾನಿಕಲ್‌ನವರಿಗೆ ಕಣ್ಣು ಹೋಗುವ ಕೆಲಸ ಒಂದಿದೆ, ಸ್ಕೀ ಬಾಡಿಗೆ ಅಂಗಡಿಯ ವರ್ಕ್‌ಶಾಪ್. ಅಂಚು ಹರಿತ ಮಾಡುವುದು, ಮೇಣ ಹಚ್ಚುವುದು, ಎಲ್ಲಕ್ಕಿಂತ ಮುಖ್ಯವಾಗಿ ಬೈಂಡಿಂಗ್ ಹೊಂದಿಸುವುದು. ಬೂಟನ್ನು ಸ್ಕೀ ಹಲಗೆಗೆ ಹಿಡಿದಿಡುವ ಸ್ಪ್ರಿಂಗ್ ಲಾಕ್ ಅದು. ಬಿದ್ದಾಗ ಕಳಚಿಕೊಳ್ಳಬೇಕು, ಬಿಗಿ ಹೆಚ್ಚಾದರೆ ಹಲಗೆ ತಿರುಚಿದ ಟಾರ್ಕ್ ಪೂರ್ತಿ ಕಾಲಿನ ಮೂಳೆಗೆ, ಮೊಣಕಾಲಿಗೆ. ಸಡಿಲವಾದರೆ ಇಳಿಜಾರಿನಲ್ಲಿ ಜಾರುವಾಗಲೇ ಬಿಟ್ಟುಕೊಳ್ಳುತ್ತದೆ. ತೂಕ, ಎತ್ತರ, ವಯಸ್ಸು, ಬೂಟಿನ ಅಡಿಯ ಉದ್ದ, ಸ್ಕೀ ಮಾಡುವವರ ಮಟ್ಟ ಇಷ್ಟನ್ನೂ ಕೇಳಿ, ಕೋಷ್ಟಕ ನೋಡಿ ಸ್ಪ್ರಿಂಗ್ ಹೊಂದಿಸುತ್ತಾರೆ. ಇದಕ್ಕೆ ಐಎಸ್‌ಒ 11088 ಅನ್ನುವ ಮಾನದಂಡವೇ ಇದೆ. ನೋಡುತ್ತಾ ನಿಂತರೆ ಲ್ಯಾಬ್ ನೆನಪಾಗುತ್ತದೆ. ಆದರೆ ಸ್ಕೀ ಮಾಡಲು ಬಾರದವರ ಕೈಗೆ ಆ ಸ್ಕ್ರೂಡ್ರೈವರ್ ಕೊಡುವುದು ಕಷ್ಟ, ಕೊಡದಿರುವುದೇ ಸರಿ. ಸ್ಕೀ ಕಲಿಸುವುದಂತೂ ಸರ್ಕಾರಿ ಡಿಪ್ಲೊಮಾ ಬೇಕಾದ ಕೆಲಸ. ದುಡ್ಡು ಪಡೆದು ಗೆಳೆಯನಿಗೆ ಕಲಿಸಿದರೂ ಅಪರಾಧ.

ಕೊನೆಗೆ ಆ 40,000 ಮುಂಗಡ. ಫ್ರಾನ್ಸ್‌ನ ಕಾರ್ಮಿಕ ಕಾನೂನಿನ ಪ್ರಕಾರ ಕೆಲಸ ಹುಡುಕುವವನಿಂದ ಕೆಲಸ ಕೊಡಿಸಿದ್ದಕ್ಕೆ ಶುಲ್ಕ ಕೇಳುವಂತಿಲ್ಲ. ನಮ್ಮ ದೇಶದಲ್ಲಿ 1983ರ ವಲಸೆ ಕಾಯ್ದೆಯಂತೆ ವಿದೇಶಿ ನೌಕರಿಗೆ ಜನ ಕಳಿಸುವ ಏಜೆಂಟ್ ನೋಂದಾಯಿತನಾಗಿರಬೇಕು. ಅವನು ಪಡೆಯಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ತಾಣದಲ್ಲಿ ಏಜೆಂಟ್ ಹೆಸರು ಹಾಕಿ ನೋಡಬಹುದು. ಹುಡುಗ ನೋಡಿದ. ಹೆಸರು ಇರಲಿಲ್ಲ. ‘ಮಾಲೀಕನ ಹೆಸರು, ಕರಾರಿನ ಪ್ರತಿ, ರೂಮಿನ ಫೋಟೋ ಕಳಿಸಿ, ಆಮೇಲೆ ಮುಂಗಡ’ ಅಂತ ಅವರಿಗೆ ಮೆಸೇಜ್ ಹಾಕು ಅಂದೆವು. ಹಾಕಿದ. ಎರಡು ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ. ಮಾರನೇ ದಿನ ಪ್ರೊಫೈಲ್ ಫೋಟೋ ಮಾಯ.

ಈಗ ಅವನು ಗ್ರೆನೋಬ್ಲ್‌ನ ಅರ್ಜಿ ತುಂಬುತ್ತಿದ್ದಾನೆ. ಮೊನ್ನೆ ಫೋನ್ ಮಾಡಿ, ‘ಅಣ್ಣ, ಪಾತ್ರೆ ತೊಳೆಯೋಕೆ ಶೂ ಇಲ್ಲಿಂದಲೇ ತರಬೇಕಾ?’ ಅಂದ. ಬೇಡ, ಅಲ್ಲೇ ಕೊಳ್ಳಬಹುದು, ಜಾರದ ಸೋಲ್ ಇರುವ ಕಿಚನ್ ಶೂ ಅಂತ ಕೇಳು ಅಂದೆವು. ಒಂದು ಸೈಜ್ ದೊಡ್ಡದೇ ಇರಲಿ, ಒಳಗೆ ಎರಡು ಜೊತೆ ಸಾಕ್ಸ್ ಹಿಡಿಸಬೇಕು.